ಚಿಕ್ಕ ಪಿಸ್ತೂಲು ಅಂದರೆ ಸುಲಭದ ಪಿಸ್ತೂಲು ಅಲ್ಲ

ಪ್ರಶ್ನೆ: ನಾನು ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇದ್ದೇನೆ. ವಯಸ್ಸು 38. ಕಳೆದ ವರ್ಷ ಗ್ರೀನ್ ಕಾರ್ಡ್ ಬಂತು. ಗೋದಾಮಿನಲ್ಲಿ ಕೆಲಸ, ಪಾಳಿ ಮುಗಿಯುವಾಗ ರಾತ್ರಿ 11 ಆಗುತ್ತದೆ. ಪಾರ್ಕಿಂಗ್ ಜಾಗದಲ್ಲಿ ಒಬ್ಬ ಎರಡು ಸಲ ಹಿಂಬಾಲಿಸಿದ. ಅಂದಿನಿಂದ ಭಯ. ಮೈಮೇಲೆ ಇಟ್ಟುಕೊಂಡು ಓಡಾಡುವ ಗನ್ ತಗೊಳ್ಳಬೇಕು ಅಂತಿದ್ದೇನೆ. ಅಂಗಡಿಯವರು ಅಂಗೈಯಷ್ಟು ದೊಡ್ಡ .380 (ಇದು ಗುಂಡಿನ ಅಳತೆಯಂತೆ) ಪಿಸ್ತೂಲು ತೋರಿಸಿ ‘ಹೆಂಗಸರಿಗೆ ಇದೇ ಸರಿ’ ಅಂದರು. ಮನೆಯವರ ಸ್ನೇಹಿತರು ‘ರಿವಾಲ್ವರ್ ತಗೊಳ್ಳಿ, ಜಾಮ್ ಆಗಲ್ಲ’ ಅಂತಾರೆ. ಇನ್ನೊಬ್ಬರು .45ಕ್ಕಿಂತ ಕಡಿಮೆ ಬೇಡವೇ ಬೇಡ ಅಂತಾರೆ. ನನ್ನ ಕೈ ಚಿಕ್ಕದು. ಮನೆಯಲ್ಲಿ 6 ವರ್ಷದ ಮಗ ಇದ್ದಾನೆ. ಅತ್ತೆ ಮಾವ ವಿಸಿಟರ್ ವೀಸಾದಲ್ಲಿ ಬರುವವರಿದ್ದಾರೆ, ಡಿಸೆಂಬರ್‌ನಲ್ಲಿ ನಾವು ಮೈಸೂರಿಗೆ ಹೋಗುತ್ತೇವೆ. ಯಾವ ಗನ್, ಯಾವ ಗುಂಡು?

ಉತ್ತರ: ಗನ್ ವಿಷಯಕ್ಕೆ ಬರುವ ಮುಂಚೆ ಒಂದು ಮಾತು. ಹಿಂಬಾಲಿಸಿದವನ ಬಗ್ಗೆ ಪೊಲೀಸರಿಗೆ ಹೇಳಿದ್ದೀರಾ? ಇಲ್ಲದಿದ್ದರೆ ಇವತ್ತೇ ಹೇಳಿ. ಕೆಲಸದ ಜಾಗದಲ್ಲೂ ಬರವಣಿಗೆಯಲ್ಲಿ ತಿಳಿಸಿ, ಕಾರಿನವರೆಗೆ ಸೆಕ್ಯುರಿಟಿಯವರು ಜೊತೆಗೆ ಬರಲಿ ಅಂತ ಕೇಳಿ. ಕೈಯಲ್ಲಿ ಪೆಪ್ಪರ್ ಸ್ಪ್ರೇ ಇರಲಿ. ಟೆಕ್ಸಸ್‌ನಲ್ಲಿ ಅಂಗಡಿಯಲ್ಲಿ ಸಿಗುವ ಚಿಕ್ಕ ಡಬ್ಬಿಗೆ ಕಾನೂನಿನ ಅಡ್ಡಿಯಿಲ್ಲ. ನೀವು ಗನ್ ಕೊಂಡು, ಕಲಿತು, ಧೈರ್ಯವಾಗಿ ಓಡಾಡುವ ಹೊತ್ತಿಗೆ ತಿಂಗಳುಗಳು ಬೇಕು. ಆ ಮನುಷ್ಯ ಅಷ್ಟು ದಿನ ಕಾಯಲ್ಲ. ಇನ್ನೊಂದು, ಹಿಂಬಾಲಿಸಿದ ಅನ್ನುವ ಒಂದೇ ಕಾರಣಕ್ಕೆ ಗನ್ ತೆಗೆಯುವ ಹಕ್ಕು ನಿಮಗೆ ಬರುವುದಿಲ್ಲ. ಪ್ರಾಣಕ್ಕೆ ಆಗಲೇ ಅಪಾಯ ಬಂದಿದೆ, ಬೇರೆ ದಾರಿಯಿಲ್ಲ ಅನ್ನುವ ಹೊತ್ತಿಗೆ ಮಾತ್ರ ಅದು. ಅದಕ್ಕಿಂತ ಮುಂಚಿನದೆಲ್ಲ ಸ್ಪ್ರೇ, ಕೂಗು, ಓಟ ಮತ್ತು 911ರ ಕೆಲಸ.

ಈಗ ನೇರ ಉತ್ತರ. 9 ಎಂಎಂ ಪಿಸ್ತೂಲು ತಗೊಳ್ಳಿ. ತೀರಾ ಚಿಕ್ಕದು ಬೇಡ. ತೆಳ್ಳಗಿರಲಿ, ಆದರೆ ಮೂರೂ ಬೆರಳು ಹಿಡಿಯಲ್ಲಿ ಪೂರ್ತಿ ಕೂರಬೇಕು. ಗ್ಲಾಕ್ 43ಎಕ್ಸ್, ಸ್ಮಿತ್ ಅಂಡ್ ವೆಸನ್ ಶೀಲ್ಡ್ ಪ್ಲಸ್, ಸಿಗ್ ಪಿ365 ಎಕ್ಸ್‌ಎಲ್, ಈ ಅಳತೆಯವು. ಸ್ಲೈಡ್ (ಗುಂಡು ಒಳಗೆ ಹಾಕಲು ಹಿಂದಕ್ಕೆ ಎಳೆಯುವ ಮೇಲ್ಭಾಗ) ಎಳೆಯುವುದು ನಿಜವಾಗಿಯೂ ಕಷ್ಟವಾದರೆ ಸ್ಮಿತ್ ಅಂಡ್ ವೆಸನ್ನಿನ ಶೀಲ್ಡ್ ಈಜೀ. ಗುಂಡು 124 ಅಥವಾ 147 ಗ್ರೇನ್ (ಗುಂಡು ತೂಗುವ ಚಿಕ್ಕ ಅಳತೆ) ತೂಕದ ಹಾಲೋ ಪಾಯಿಂಟ್, ಅಂದರೆ ಮೈಗೆ ತಾಗಿದಾಗ ಮೂತಿ ಅರಳುವ ಗುಂಡು. ಫೆಡರಲ್ ಎಚ್‌ಎಸ್‌ಟಿ ಅಥವಾ ಸ್ಪಿಯರ್ ಗೋಲ್ಡ್ ಡಾಟ್, ಯಾವುದು ನಿಮ್ಮ ಗನ್‌ನಲ್ಲಿ ತೊಂದರೆಯಿಲ್ಲದೆ ಓಡುತ್ತದೋ ಅದು. ಇನ್ನುಳಿದ ಮಾತೆಲ್ಲ ಇದರ ಕಾರಣಗಳು.

ಅಂಗಡಿಯವರು ತೋರಿಸಿದ್ದು ರುಗರ್ ಎಲ್‌ಸಿಪಿಯಂಥ ಪಿಸ್ತೂಲು ಇರಬೇಕು. ಗುಂಡಿಲ್ಲದಾಗ ಅದರ ತೂಕ ಸುಮಾರು 270 ಗ್ರಾಂ. ಕೈಗೆ ತಗೊಂಡರೆ ಎಷ್ಟು ಹಗುರ, ಎಷ್ಟು ಮುದ್ದಾಗಿದೆ ಅನ್ನಿಸುತ್ತದೆ. ಹಾರಿಸಿ ನೋಡಿದರೆ ಕಥೆಯೇ ಬೇರೆ. ಗುಂಡು ಮುಂದಕ್ಕೆ ಹೋಗುವಾಗ ಗನ್ ಹಿಂದಕ್ಕೆ ಒದೆಯುತ್ತದೆ. ಗನ್ ಹಗುರವಾದಷ್ಟೂ ಒದೆತ ಜೋರು. ಹಿಡಿ ಚಿಕ್ಕದಾದ್ದರಿಂದ ಎರಡೇ ಬೆರಳು ಕೂರುತ್ತವೆ, ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಒದೆತ ಜಾಸ್ತಿ, ಹಿಡಿತ ಕಡಿಮೆ. ಗುರಿ ನೋಡುವ ಸೈಟ್‌ಗಳು ಸಾಸಿವೆ ಕಾಳಿನಷ್ಟು. ಹಿಂದಿನ ಸೈಟಿಗೂ ಮುಂದಿನದಕ್ಕೂ ದೂರ ಕಮ್ಮಿ, ಹಾಗಾಗಿ ಕೈ ಒಂಚೂರು ಅಲುಗಿದರೂ ಗುರಿ ತುಂಬಾ ತಪ್ಪುತ್ತದೆ. ಸ್ಲೈಡ್ ಕೂಡ ಚಿಕ್ಕದು, ಹಿಡಿದು ಎಳೆಯಲು ಜಾಗವೇ ಇರುವುದಿಲ್ಲ.

ಇದರಿಂದ ಆಗುವ ನಿಜವಾದ ನಷ್ಟ ಏನು ಗೊತ್ತಾ? ಒಂದು ಡಬ್ಬಿ ಗುಂಡು ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ನೋಯುತ್ತದೆ. ಮುಂದಿನ ವಾರ ರೇಂಜಿಗೆ (ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗ) ಹೋಗಲು ಮನಸ್ಸಾಗಲ್ಲ. ಆಮೇಲೆ ಗನ್ ಡ್ರಾಯರ್ ಸೇರುತ್ತದೆ. ನಾನು ನಡೆಸುವ ಗನ್ ತರಗತಿಗೆ ಬರುವ ಹೆಂಗಸರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅವರಿಗೆ ಗುರಿ ಬರಲ್ಲ ಅಂತಲ್ಲ. ಅನುಭವಿಗಳ ಕೈಗೆ ಮಾತ್ರ ಒಗ್ಗುವ ಗನ್ನನ್ನು ಹೊಸಬರಿಗೆ ‘ಲೇಡೀಸ್ ಗನ್’ ಅಂತ ಮಾರಿರುತ್ತಾರೆ. ಅದೇ ಕೈಗೆ 600 ಗ್ರಾಮಿನ ಗ್ಲಾಕ್ 19 ಕೊಟ್ಟರೆ ಹತ್ತು ನಿಮಿಷದಲ್ಲಿ ಗುಂಡುಗಳು ಒಂದೇ ಕಡೆ ಬೀಳತೊಡಗುತ್ತವೆ. ಗ್ಲಾಕ್ 19ನ್ನೇ ಯಾಕೆ ಹೇಳಲಿಲ್ಲ ಅಂದರೆ ಅದು ದಪ್ಪ, ನಿಮ್ಮ ಕೈಗೆ ಹಿಡಿ ದೊಡ್ಡದಾಗಬಹುದು, ಬಟ್ಟೆಯೊಳಗೆ ಮರೆಮಾಡುವುದೂ ಕಷ್ಟ. ಆದರೂ ಒಮ್ಮೆ ಹಾರಿಸಿ ನೋಡಿ. ಕೆಲವು ಚಿಕ್ಕ ಕೈಗಳಿಗೂ ಅದು ಸರಿಹೊಂದುತ್ತದೆ.

ಕೈಗೆ ಹೊಂದುತ್ತದೋ ಇಲ್ಲವೋ ನೋಡುವುದು ಹೀಗೆ. ಗನ್ ಖಾಲಿ ಇದೆ ಅಂತ ಅಂಗಡಿಯವರೂ ನೋಡಲಿ, ನೀವೂ ನೋಡಿ. ಮುಂಗೈ ಮೂಳೆಯ ನೇರಕ್ಕೆ ಬ್ಯಾರೆಲ್ (ನಳಿಗೆ) ಬರುವ ಹಾಗೆ ಹಿಡಿಯಿರಿ. ಈಗ ತೋರುಬೆರಳ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಆರಾಮಾಗಿ ಕೂತರೆ ಸರಿ. ಬೆರಳು ಮುಟ್ಟಿಸಲು ಗನ್ನನ್ನು ಕೈಯಲ್ಲಿ ತಿರುಗಿಸಬೇಕಾಗಿ ಬಂದರೆ ಅದು ನಿಮ್ಮ ಗನ್ ಅಲ್ಲ. ಅಂಗಡಿಯಲ್ಲಿ ಹಿಡಿದು ನೋಡಿದ್ದು ಸಾಲದು. ಡಲ್ಲಾಸ್ ಸುತ್ತಮುತ್ತ ಬಾಡಿಗೆಗೆ ಗನ್ ಕೊಡುವ ರೇಂಜುಗಳಿವೆ. ಮೂರು ನಾಲ್ಕು ಬಗೆಯವನ್ನು ಹಾರಿಸಿ, ಮಾರನೇ ದಿನ ಕೈ ಹೇಗಿದೆ ನೋಡಿ, ಆಮೇಲೆ ದುಡ್ಡು ಕೊಡಿ.

‘ನನಗೆ ಸ್ಲೈಡ್ ಎಳೆಯಲು ಶಕ್ತಿಯಿಲ್ಲ’ ಅನ್ನುವವರಲ್ಲಿ ಹೆಚ್ಚಿನವರಿಗೆ ಶಕ್ತಿ ಇರುತ್ತದೆ, ಯಾರೂ ವಿಧಾನ ಹೇಳಿಕೊಟ್ಟಿರುವುದಿಲ್ಲ. ಗನ್ನನ್ನು ಎದೆಯ ಹತ್ತಿರಕ್ಕೆ ತನ್ನಿ, ಬಾಯಿ ರೇಂಜಿನ ಗುರಿಯ ದಿಕ್ಕಿಗೇ ಇರಲಿ. ಎಡಗೈಯ ನಾಲ್ಕೂ ಬೆರಳಿಂದ ಸ್ಲೈಡನ್ನು ಮೇಲಿನಿಂದ ಬಿಗಿಯಾಗಿ ಹಿಡಿಯಿರಿ. ಎಡಗೈ ಅಲ್ಲೇ ನಿಲ್ಲಲಿ, ಬಲಗೈಯಿಂದ ಗನ್ನನ್ನು ಮುಂದಕ್ಕೆ ತಳ್ಳಿ. ಎಳೆಯುವುದಕ್ಕಿಂತ ತಳ್ಳುವುದು ಸುಲಭ. ಇಷ್ಟಾದರೂ ಆಗದಿದ್ದರೆ, ಕೀಲು ನೋವಿದ್ದರೆ, ಶೀಲ್ಡ್ ಈಜೀ ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಒಂದು ಎಚ್ಚರ: 2020ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಯಾರಾದ ಈಜೀ ಪಿಸ್ತೂಲುಗಳಲ್ಲಿ ಕೆಲವುದರ ಹ್ಯಾಮರ್ (ಗುಂಡು ಹಾರಿಸಲು ಬಡಿಯುವ ಭಾಗ) ಬಿರುಕು ಬಿಡಬಹುದು ಅಂತ ಕಂಪನಿಯೇ ವಾಪಸ್ ಕರೆಸಿತ್ತು. ಸೀರಿಯಲ್ ನಂಬರನ್ನು ಕಂಪನಿಯಲ್ಲಿ ವಿಚಾರಿಸಿ.

ರಿವಾಲ್ವರ್ ಬಗ್ಗೆ ನಿಮ್ಮವರ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಟ್ರಿಗರ್ ಒತ್ತಿದರೆ ಸಾಕು, ಮುಂದಿನ ಗುಂಡು ಬರುತ್ತದೆ. ಆದರೆ ಬ್ಯಾಗಿಗೆ ಹಿಡಿಸುವ ರಿವಾಲ್ವರ್ ಅಂದರೆ ಸ್ಮಿತ್ ಅಂಡ್ ವೆಸನ್ 642ರಂಥದ್ದು. ಐದೇ ಗುಂಡು, ಸುಮಾರು 410 ಗ್ರಾಂ, ಎರಡು ಇಂಚಿಗೂ ಕಮ್ಮಿ ಬ್ಯಾರೆಲ್. ಪ್ರತಿ ಸಲ ಟ್ರಿಗರ್ ಒತ್ತಲು ಐದಾರು ಕಿಲೋ ಬಲ ಬೇಕು. ಅಷ್ಟು ಬಲ ಹಾಕುವಾಗ 410 ಗ್ರಾಮಿನ ಗನ್ ಅಲುಗದೆ ಇರುತ್ತದೆಯೇ? .38 ಸ್ಪೆಷಲ್ ಗುಂಡಿನ ಒದೆತವೂ ಇದರಲ್ಲಿ ಜೋರು. ಗಟ್ಟಿ ಅಭ್ಯಾಸ ಇರುವವರ ಕೈಯಲ್ಲಿ ಇದು ಒಳ್ಳೆಯ ಆಯುಧ, ಜೇಬಿನ ಹೋಲ್‌ಸ್ಟರ್‌ಗಂತೂ (ಗನ್ ಇಡುವ ಒರೆ) ಹೇಳಿ ಮಾಡಿಸಿದ್ದು. ಮೊದಲ ಗನ್ ಆಗಿ ಬೇಡ. ಒಂದು ವೇಳೆ ತಗೊಂಡರೆ 148 ಗ್ರೇನ್ ವಾಡ್‌ಕಟರ್ ಗುಂಡು ಹಾಕಿ. ಮೂತಿ ಚಪ್ಪಟೆ, ಒದೆತ ಕಮ್ಮಿ, ಆ ಗಿಡ್ಡ ಬ್ಯಾರೆಲ್‌ನಿಂದಲೂ ಬೇಕಾದಷ್ಟು ಆಳಕ್ಕೆ ಹೋಗುತ್ತದೆ.

ಇನ್ನು .45 ಗೆಳೆಯರು. ಈ ವಾದಕ್ಕೆ ಹಳೆಯ ಬೇರಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐ ಏಜೆಂಟರಿಗೂ ಇಬ್ಬರು ಬ್ಯಾಂಕ್ ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ಇಬ್ಬರು ಏಜೆಂಟರು ಸತ್ತರು. ದರೋಡೆಕೋರನೊಬ್ಬನಿಗೆ ಮೊದಲೇ ಬಿದ್ದಿದ್ದ 9 ಎಂಎಂ ಗುಂಡು ತೋಳಿನಿಂದ ಎದೆಗೆ ನುಗ್ಗಿ, ಹೃದಯ ಮುಟ್ಟುವ ಮುಂಚೆ ನಿಂತಿತ್ತು. ಅವನು ಆಮೇಲೂ ಹೋರಾಡಿದ. ಎಫ್‌ಬಿಐ ಗುಂಡಿನ ಮೇಲೆ ಬೆರಳು ತೋರಿಸಿತು. ಮೊದಲು 10 ಎಂಎಂ, ನಂತರ .40 ಗುಂಡಿನ ಕಡೆ ಹೋಯಿತು. ಜೊತೆಗೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿತು, ಗುಂಡುಗಳನ್ನು ಅಳೆಯಲು ಕಟ್ಟುನಿಟ್ಟಾದ ಪರೀಕ್ಷೆ ರೂಪಿಸಿತು. ಮಾಂಸದ ಬದಲಿಗೆ ಜೆಲಟಿನ್ ಗಟ್ಟಿ. ಬರಿ ಜೆಲಟಿನ್, ದಪ್ಪ ಬಟ್ಟೆ ಹೊದಿಸಿದ್ದು, ಮನೆ ಗೋಡೆಯ ಹಲಗೆ, ಪ್ಲೈವುಡ್, ಉಕ್ಕಿನ ತಗಡು, ಕಾರಿನ ಗಾಜು. ಗುಂಡು 12ರಿಂದ 18 ಇಂಚು ಒಳಗೆ ಹೋಗಬೇಕು. ಕಮ್ಮಿಯಾದರೆ ಮುಖ್ಯ ಅಂಗ ಮುಟ್ಟಲ್ಲ, ಜಾಸ್ತಿಯಾದರೆ ಆಚೆ ನಿಂತವರಿಗೆ ಅಪಾಯ.

ಆ ಪರೀಕ್ಷೆ ಗೆಲ್ಲಲು ಕಂಪನಿಗಳು ಹಾಲೋ ಪಾಯಿಂಟ್ ಗುಂಡುಗಳನ್ನು ಸುಧಾರಿಸುತ್ತಾ ಹೋದವು. ಇವತ್ತಿನ ಒಳ್ಳೆಯ 9 ಎಂಎಂ ಗುಂಡು ಅದೇ ಜೆಲಟಿನ್‌ನಲ್ಲಿ .45ಕ್ಕೆ ಹೆಚ್ಚುಕಮ್ಮಿ ಸಮ. ಹಾಗಾಗಿ ಎಫ್‌ಬಿಐ 9 ಎಂಎಂಗೇ ಮರಳಿತು. 2016ರಲ್ಲಿ ಗ್ಲಾಕ್ ಕಂಪನಿಗೆ ಹೊಸ 9 ಎಂಎಂ ಪಿಸ್ತೂಲುಗಳ ಗುತ್ತಿಗೆ ಕೊಟ್ಟಿತು. ಕೈಗನ್ನಿನ ಯಾವ ಗುಂಡೂ ಸಿನಿಮಾದ ಹಾಗೆ ಮನುಷ್ಯನನ್ನು ಹಿಂದಕ್ಕೆ ಎಸೆಯುವುದಿಲ್ಲ. ಎಲ್ಲಿ ಬೀಳುತ್ತದೆ, ಎಷ್ಟು ಆಳ ಹೋಗುತ್ತದೆ, ಅಷ್ಟೇ ಲೆಕ್ಕ. ಒದೆತ ಕಮ್ಮಿ ಇರುವ 9 ಎಂಎಂನಲ್ಲಿ ಎರಡನೇ ಗುಂಡನ್ನೂ ನೀವು ಸರಿಯಾದ ಜಾಗಕ್ಕೆ ಬಿಡಬಲ್ಲಿರಿ.

.380ಕ್ಕೂ ಇದೇ ಪರೀಕ್ಷೆಯಲ್ಲಿ ಕಷ್ಟ. ಗಿಡ್ಡ ಬ್ಯಾರೆಲ್‌ನಲ್ಲಿ ವೇಗ ಸಿಗುವುದಿಲ್ಲ. ಗುಂಡು ಅರಳಿದರೆ ಆಳ ಸಾಲದು, ಆಳ ಹೋದರೆ ಅರಳಿರುವುದಿಲ್ಲ. ಎರಡೂ ಒಟ್ಟಿಗೆ ಸಿಗುವುದು ಕೆಲವೇ ಗುಂಡುಗಳಲ್ಲಿ. ಒದೆತವೂ ತಿನ್ನಬೇಕು, ಕೆಲಸವೂ ಕಮ್ಮಿ ಅಂದಮೇಲೆ ಆ ಚಿಕ್ಕ ಪಿಸ್ತೂಲು ಯಾಕೆ ಬೇಕು ಹೇಳಿ.

ಹಾಲೋ ಪಾಯಿಂಟ್ ಯಾಕೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ರೇಂಜಿನಲ್ಲಿ ಹಾರಿಸುವ ಅಗ್ಗದ ಗುಂಡು ಪೂರ್ತಿ ತಾಮ್ರದ ಹೊದಿಕೆಯದು, ಎಫ್‌ಎಂಜೆ ಅಂತಾರೆ. ಅದು ಅರಳುವುದಿಲ್ಲ. ಮೈಯಲ್ಲಿ ತೂತು ಮಾಡಿ ಆಚೆ ಹೋಗುತ್ತದೆ, ಆಚೆ ಯಾರಿದ್ದಾರೋ ಅದಕ್ಕೆ ಗೊತ್ತಿಲ್ಲ. ಹಾಲೋ ಪಾಯಿಂಟ್ ಮೂತಿಯಲ್ಲಿ ಗುಳಿ ಇರುತ್ತದೆ, ಮಾಂಸಕ್ಕೆ ತಾಗಿದಾಗ ಅರಳಿ ನಿಧಾನವಾಗುತ್ತದೆ. ಕ್ರೂರ ಅಂತ ಕೆಲವರಿಗೆ ಅನಿಸುತ್ತದೆ. ಆದರೆ ಪಾರ್ಕಿಂಗ್‌ನಲ್ಲಿ ಸುಮ್ನೆ ನಡೆದು ಹೋಗುತ್ತಿರುವವರ ಜೀವ ಉಳಿಸುವುದು ಇದೇ. ಅಭ್ಯಾಸಕ್ಕೆ ಎಫ್‌ಎಂಜೆ, ಮೈಮೇಲೆ ಹಾಲೋ ಪಾಯಿಂಟ್. ಡಬ್ಬಿಯ ಮೇಲೆ ‘ಪ್ಲಸ್ ಪಿ’ ಅಂತಿದ್ದರೆ ಒತ್ತಡ ಜಾಸ್ತಿ, ಒದೆತ ಜಾಸ್ತಿ ಅಂತ ಅರ್ಥ. ನಿಮಗೆ ಸದ್ಯಕ್ಕೆ ಬೇಡ.

ನಮ್ಮವರು ಮರೆಯುವ ಇನ್ನೊಂದು ವಿಷಯ ಗೋಡೆ. ಮೈಸೂರಿನ ಮನೆಯ ಇಟ್ಟಿಗೆ ಗೋಡೆ ಬೇರೆ, ಇಲ್ಲಿನ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದ ಗೋಡೆ ಬೇರೆ. 9 ಎಂಎಂ ಗುಂಡು ಇಂಥ ಹಲವು ಗೋಡೆ ದಾಟುತ್ತದೆ. ಹಾಲೋ ಪಾಯಿಂಟ್ ಕೂಡ ದಾಟುತ್ತದೆ. ಗುಳಿಯಲ್ಲಿ ಜಿಪ್ಸಮ್ ತುಂಬಿಕೊಂಡರೆ ಅದು ಅರಳದೆ ಎಫ್‌ಎಂಜೆ ಹಾಗೆಯೇ ಮುಂದೆ ಹೋಗಬಹುದು. ನಿಮ್ಮ ಮಗ ಯಾವ ಕೋಣೆಯಲ್ಲಿ, ಯಾವ ದಿಕ್ಕಿಗೆ ಮಲಗುತ್ತಾನೆ ಅನ್ನುವುದನ್ನು ಈಗಲೇ ಮನೆಯಲ್ಲಿ ನಡೆದು ನೋಡಿ.

ಗುಂಡು ಆರಿಸಿದ ಮೇಲೆ ಕನಿಷ್ಠ 50 ಗುಂಡುಗಳನ್ನಾದರೂ ನಿಮ್ಮದೇ ಗನ್‌ನಲ್ಲಿ ಹಾರಿಸಿ. 100 ಆದರೆ ಇನ್ನೂ ಒಳ್ಳೆಯದು. ದುಬಾರಿ ನಿಜ, ಆದರೆ ಮ್ಯಾಗಜೀನ್‌ನಿಂದ (ಹಿಡಿಯೊಳಗೆ ಗುಂಡು ತುಂಬಿಡುವ ಪೆಟ್ಟಿಗೆ) ಸಲೀಸಾಗಿ ಮೇಲೇರುತ್ತದೋ ಇಲ್ಲವೋ ತಿಳಿಯಲು ಬೇರೆ ದಾರಿಯಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ದಿನಾ ರಾತ್ರಿ ಗನ್ ಖಾಲಿ ಮಾಡಿ ಬೆಳಿಗ್ಗೆ ಅದೇ ಮೇಲಿನ ಗುಂಡನ್ನು ಮತ್ತೆ ಚೇಂಬರಿಗೆ (ಬ್ಯಾರೆಲ್ ಹಿಂಬದಿಯಲ್ಲಿ ಗುಂಡು ಕೂರುವ ಗೂಡು) ಹಾಕಿದರೆ ಅದರ ಮೂತಿ ಪ್ರತಿ ಸಲ ಬಡಿಸಿಕೊಂಡು, ಮದ್ದು ತುಂಬಿದ ತೋಟೆಯೊಳಗೆ ಹಿಂದೆ ಸರಿಯುತ್ತದೆ. ಹಾಗೆ ಸರಿದರೆ ಹಾರಿದಾಗ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಪಕ್ಕದಲ್ಲಿ ಹೊಸ ಗುಂಡು ಇಟ್ಟು ಉದ್ದ ಹೋಲಿಸಿ. ಗಿಡ್ಡವಾಗಿ ಕಂಡರೆ ಅದನ್ನು ಹಾರಿಸಬೇಡಿ, ರೇಂಜಿನವರಿಗೆ ಕೊಟ್ಟುಬಿಡಿ. ಇದಕ್ಕಿಂತ ಒಳ್ಳೆಯದು, ಗನ್ನನ್ನು ಹೋಲ್‌ಸ್ಟರ್ ಸಮೇತ ತೆಗೆದು ಸೇಫಿನಲ್ಲಿಡುವುದು.

ಹೋಲ್‌ಸ್ಟರ್ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಬ್ಯಾಗಿನಲ್ಲಿ ಗನ್ ಬೇಡ. ಕಳ್ಳ ಮೊದಲು ಕೈಹಾಕುವುದೇ ಬ್ಯಾಗಿಗೆ. ಅದಕ್ಕಿಂತ ದೊಡ್ಡ ಕಾರಣ ಮಗ. 2014ರ ಡಿಸೆಂಬರ್‌ನಲ್ಲಿ ಐಡಹೋ ರಾಜ್ಯದ ವಾಲ್‌ಮಾರ್ಟ್ ಒಂದರಲ್ಲಿ 2 ವರ್ಷದ ಮಗು ತಾಯಿಯ ಪರ್ಸಿನಿಂದ ಗನ್ ತೆಗೆದು ಹಾರಿಸಿತು, ತಾಯಿ ಅಲ್ಲೇ ತೀರಿಕೊಂಡರು. ಆ ಪರ್ಸು ಗನ್ ಇಡಲಿಕ್ಕೆಂದೇ ಜಿಪ್ ಇಟ್ಟು ಮಾಡಿದ್ದಾಗಿತ್ತು. ಗನ್ ಮೈಮೇಲಿರಲಿ, ಇಲ್ಲವೇ ಬೀಗದೊಳಗಿರಲಿ. ಮೂರನೇ ಜಾಗ ಇಲ್ಲ.

ನಿಮ್ಮ ಮಾಡೆಲ್‌ಗೆಂದೇ ಅಚ್ಚು ಹಾಕಿದ ಕೈಡೆಕ್ಸ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ತಗೊಳ್ಳಿ. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಗನ್ ಒಳಗೆ ಇಡುವಾಗ ಅವಸರ ಬೇಡವೇ ಬೇಡ. ಬಟ್ಟೆಯ ಅಂಚು ಟ್ರಿಗರಿಗೆ ಸಿಕ್ಕಿ ಗುಂಡು ಹಾರುವುದು ಆಗಲೇ. ಕಣ್ಣಿಂದ ನೋಡಿ, ನಿಧಾನವಾಗಿ ಇಡಿ. ಜೀನ್ಸ್ ಮೇಲೆ ಕುರ್ತಾ ಹಾಕುವವರಿಗೆ ಅನುಕೂಲವೇ ಜಾಸ್ತಿ, ಸೊಂಟದೊಳಗಿನ ಹೋಲ್‌ಸ್ಟರ್ ಚೆನ್ನಾಗಿ ಮರೆಯಾಗುತ್ತದೆ. ಬೆಲ್ಟ್ ಮಾತ್ರ ಗಡುಸಾಗಿರಲಿ. ಚೂಡಿದಾರಕ್ಕೆ ಹೊಟ್ಟೆಗೆ ಸುತ್ತುವ ಪಟ್ಟಿ ಸಿಗುತ್ತದೆ, ಅದರಲ್ಲೂ ಟ್ರಿಗರ್ ಮೇಲೆ ಗಟ್ಟಿ ಚಿಪ್ಪು ಇರುವುದನ್ನೇ ಆರಿಸಿ.

ಕೊಡಗು, ಮಲೆನಾಡಿನ ಕಡೆಯವರು ನನ್ನ ತರಗತಿಗೆ ಬಂದಾಗ ‘ನಮಗೆ ಕೋವಿ ಗೊತ್ತು ಬಿಡಿ’ ಅಂತಾರೆ. ಕೋವಿಯ ಶಿಸ್ತು ನಿಜಕ್ಕೂ ಒಳ್ಳೆಯ ತಳಹದಿ. ಆದರೆ ಉದ್ದ ನಳಿಗೆಯ ಬಾಯಿ ಎತ್ತ ಇದೆ ಅಂತ ಎಲ್ಲರಿಗೂ ಕಾಣುತ್ತದೆ. ಪಿಸ್ತೂಲಿನ ಬಾಯಿ ಮಣಿಕಟ್ಟು ಚೂರು ತಿರುಗಿದರೂ ಪಕ್ಕದವರ ಕಡೆ ಹೋಗುತ್ತದೆ. ಎಲ್ಲ ಗನ್ನೂ ತುಂಬಿದೆ ಅಂತಲೇ ತಿಳಿಯಿರಿ. ಹೊಡೆಯಬಾರದ್ದರ ಕಡೆ ಬಾಯಿ ತಿರುಗಿಸಬೇಡಿ. ಗುರಿ ಕೂರುವವರೆಗೆ ಟ್ರಿಗರಿಗೆ ಬೆರಳು ಬೇಡ. ಗುರಿ ಏನು, ಅದರ ಹಿಂದೆ ಏನಿದೆ ಅಂತ ಗೊತ್ತಿರಲಿ. ಅಮೆರಿಕದ ಗನ್ ತರಬೇತುದಾರ ಜೆಫ್ ಕೂಪರ್ ಅವರ ಹೆಸರಿನಲ್ಲಿ ನಡೆದುಬಂದ ಈ ನಾಲ್ಕು ನಿಯಮಗಳನ್ನು ಮನೆಯಲ್ಲಿ ಎಲ್ಲರಿಗೂ ಕಲಿಸಿ, ಗನ್ ಮುಟ್ಟದವರಿಗೂ.

ಕಾನೂನು. ಗ್ರೀನ್ ಕಾರ್ಡ್ ಇರುವ ನೀವು ಗನ್ ಕೊಳ್ಳಬಹುದು, ಇಟ್ಟುಕೊಳ್ಳಬಹುದು. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಿಸುತ್ತಾರೆ, ಅದರಲ್ಲಿ ಸುಳ್ಳು ಬರೆದರೆ ಫೆಡರಲ್ ಅಪರಾಧ. ಎಚ್1ಬಿ, ಎಲ್1, ಎಫ್1, ವಿಸಿಟರ್ ವೀಸಾದವರಿಗೆ ಸಾಮಾನ್ಯವಾಗಿ ಗನ್ ಹೊಂದುವುದೇ ನಿಷಿದ್ಧ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ವಕೀಲರನ್ನು ಕೇಳದೆ ಆ ದಾರಿಗೆ ಹೋಗಬೇಡಿ. ನಿಮ್ಮ ಮಾವನವರು ‘ಒಮ್ಮೆ ಹಿಡಿದು ನೋಡ್ತೀನಮ್ಮ’ ಅಂದರೂ ಕೊಡಬೇಡಿ. ಸೇಫಿನ ನಂಬರ್ ಕೂಡ ಅವರಿಗೆ ಗೊತ್ತಿರಬಾರದು. ಗನ್ ಪ್ರಕರಣದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು, ಅದನ್ನು ಸದಾ ನೆನಪಿಡಿ. 17 ವರ್ಷದೊಳಗಿನ ಮಗುವಿನ ಕೈಗೆ ಗುಂಡು ತುಂಬಿದ ಗನ್ ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ. ನೆಲಕ್ಕೋ ಮಂಚಕ್ಕೋ ಬೋಲ್ಟ್ ಮಾಡಿದ, ಬೇಗ ತೆರೆಯುವ ಸೇಫ್ ಕೊಳ್ಳಿ. ಗನ್ನಿನ ಬಜೆಟ್ಟಿನಲ್ಲೇ ಅದೂ ಸೇರಿರಲಿ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ದಾಟಿದವರು, ಬೇರೆ ನಿರ್ಬಂಧ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೂ ಗನ್ ಒಯ್ಯಬಹುದು. ಆದರೂ ಲೈಸೆನ್ಸ್ ಮಾಡಿಸಿ. ನಿಮ್ಮ ಮಟ್ಟಿಗೆ ದೊಡ್ಡ ಕಾರಣ ಮಗನ ಶಾಲೆ. ಶಾಲೆಯ ಸುತ್ತ 1000 ಅಡಿಯೊಳಗೆ ಗನ್ ಒಯ್ಯುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ದಿನಾ ಮಗನನ್ನು ಬಿಡಲು ಹೋಗುತ್ತೀರಿ ಅಲ್ವಾ? ಶಾಲೆಯ ಕಟ್ಟಡದೊಳಗಂತೂ ಲೈಸೆನ್ಸ್ ಇದ್ದರೂ ಇಲ್ಲ. 30.06 ಅನ್ನುವ ಬೋರ್ಡ್ ಇರುವ ಕಡೆ, ಅದು ದೇವಸ್ಥಾನವಾದರೂ ಸರಿ, ಮರೆಮಾಡಿದ ಗನ್ ಒಯ್ಯುವಂತಿಲ್ಲ. ನಿಮ್ಮ ಗೋದಾಮಿನ ನಿಯಮವನ್ನೂ ಕೇಳಿ. ಕಂಪನಿ ಒಳಗೆ ಬೇಡ ಅನ್ನಬಹುದು. ಹಾಗಾದಾಗ ಗನ್ ಕಾರಿನೊಳಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಅಂದರೆ ಬಾಗಿಲಿನಿಂದ ಕಾರಿನವರೆಗೆ, ನೀವು ಭಯಪಡುವ ಅದೇ ದಾರಿಯಲ್ಲಿ, ಗನ್ ನಿಮ್ಮ ಹತ್ತಿರ ಇರುವುದಿಲ್ಲ. ಅದಕ್ಕೇ ಮೊದಲಿಗೆ ಸ್ಪ್ರೇ, ಸೆಕ್ಯುರಿಟಿ ಅಂದದ್ದು.

ಲೈಸೆನ್ಸ್ ಪರೀಕ್ಷೆಯಲ್ಲಿ 3, 7, 15 ಗಜದಿಂದ ಒಟ್ಟು 50 ಗುಂಡು ಹಾರಿಸಬೇಕು, 70 ಪರ್ಸೆಂಟ್ ಬಂದರೆ ಪಾಸ್. ಅದು ಕನಿಷ್ಠ ಮಟ್ಟ ಅಷ್ಟೇ. ಆಮೇಲೆ ಹೋಲ್‌ಸ್ಟರ್‌ನಿಂದ ತೆಗೆದು ಹಾರಿಸುವುದನ್ನು ಕಲಿಸುವ ತರಗತಿ ಸೇರಿ. ಮನೆಯಲ್ಲಿ ಖಾಲಿ ಗನ್ನಿಂದ ಟ್ರಿಗರ್ ಅಭ್ಯಾಸ ಮಾಡಿ, ಗುಂಡೆಲ್ಲ ಬೇರೆ ಕೋಣೆಯಲ್ಲಿರಲಿ. ರಕ್ತ ನಿಲ್ಲಿಸುವ ಟೂರ್ನಿಕೆಟ್ ಬಳಸುವುದನ್ನೂ ಕಲಿಯಿರಿ. ಅದರ ಅಗತ್ಯ ಗನ್ನಿಗಿಂತ ಮುಂಚೆ ಬರುವ ಸಾಧ್ಯತೆಯೇ ಜಾಸ್ತಿ.

ಕೊನೆಗೆ ಮೈಸೂರಿನ ಪ್ರಯಾಣ. ರೇಂಜಿಗೆ ಒಂದು ಬ್ಯಾಗ್ ಮೀಸಲಿಡಿ. ಆ ಬ್ಯಾಗ್ ಯಾವತ್ತೂ ವಿಮಾನ ಹತ್ತಬಾರದು. ಅಮೆರಿಕದಿಂದ ಬಂದವರ ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಗುಂಡು ಸಿಕ್ಕಿ ಭಾರತದ ವಿಮಾನ ನಿಲ್ದಾಣಗಳಲ್ಲಿ ಆರ್ಮ್ಸ್ ಆಕ್ಟ್ ಕೇಸು ದಾಖಲಾದ ಉದಾಹರಣೆಗಳಿವೆ. ಗೊತ್ತಿಲ್ಲದೆ ಉಳಿದದ್ದು ಅಂತ ಕೋರ್ಟುಗಳು ಎಷ್ಟೋ ಕೇಸುಗಳನ್ನು ರದ್ದು ಮಾಡಿವೆ, ಆದರೆ ಅಲ್ಲಿಯವರೆಗಿನ ಅಲೆದಾಟ ನಿಮ್ಮ ರಜೆಯನ್ನೆಲ್ಲ ನುಂಗುತ್ತದೆ. ಹೊರಡುವ ಹಿಂದಿನ ದಿನ ಎಲ್ಲ ಬ್ಯಾಗು, ಜಾಕೆಟ್ ಜೇಬು, ಮಗನ ಬ್ಯಾಕ್‌ಪ್ಯಾಕ್ ಕೂಡ ತಲೆಕೆಳಗು ಮಾಡಿ ಕೊಡವಿ ನೋಡಿ. ನೀವಿಲ್ಲದ ದಿನಗಳಲ್ಲಿ ಗನ್ ಸೇಫಿನಲ್ಲೇ ಇರಲಿ. ಸೀರಿಯಲ್ ನಂಬರನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ, ಕಳುವಾದರೆ ಪೊಲೀಸರು ಮೊದಲು ಕೇಳುವುದು ಅದನ್ನೇ.